ಹನ್ನೊಂದು ರಾತಲು

ನನ್ನ ಮೊದಲನೆಯ ಮಗ ಹನ್ನೊಂದು ರಾತಲು ತೂಗಿದ. ತಕ್ಕಡಿಯಲ್ಲಿ ಇಟ್ಟಾಗ ಅವನಿಗೆ ಉಸಿರಿರಲಿಲ್ಲ.

ಜಂಗಮಕೋಟೆಯ ನನ್ನ ಅತ್ತೆಮನೆಯಲ್ಲಿ ಆ ತಕ್ಕಡಿ ಇದ್ದದ್ದು ರೇಷ್ಮೆಗೂಡು ತೂಗುವುದಕ್ಕೆ. ಕಿಲೋ ಇನ್ನೂ ನಮ್ಮ ಕಡೆಗೆ ಬಂದಿರಲಿಲ್ಲ, ಗೂಡಿಗೆ ರಾತಲೇ; ಹನ್ನೊಂದು ರಾತಲೆಂದರೆ ಈಗಿನ ಐದು ಕಿಲೋ. ನನಗೆ ಆಗ ಹತ್ತೊಂಬತ್ತು. ತಾಯಿಯಿಲ್ಲದವಳಾದ್ದರಿಂದ ಚೊಚ್ಚಲ ಹೆರಿಗೆಗೂ ತವರಿಗೆ ಹೋಗದೆ ಅಲ್ಲೇ ಉಳಿದಿದ್ದೆ. ಎರಡು ದಿನ ನೋವು ತಿಂದೆ. ಮೂರನೆಯ ದಿನ ಮಧ್ಯಾಹ್ನ ಮಗುವಿನ ತಲೆ ಹೊರಗೆ ಬಂತು, ಭುಜ ಬರಲಿಲ್ಲ. ಸೂಲಗಿತ್ತಿ ನರಸಮ್ಮ ನನ್ನನ್ನು ಮಗ್ಗುಲಿಗೆ ತಿರುಗಿಸಿದಳು, ಮಂಡಿಯೂರಿಸಿದಳು, ತೆಲುಗಿನಲ್ಲಿ ದೇವರನ್ನು ಕರೆದಳು, ಕೊನೆಗೆ ಎಳೆದಳು. ಮಗು ಬಂತು. ನೀಲಿಗಟ್ಟಿತ್ತು. ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ಅಳು ಕೇಳಲಿಲ್ಲ.

ಮೊದಲು ಬಾಯಿಬಿಟ್ಟವರು ನನ್ನ ಅತ್ತೆ ಪಿಳ್ಳಮ್ಮ. "ಕತ್ತು ತಿರುಚಿಬಿಟ್ಟೆಯಲ್ಲೇ ಪಾಪಿ! ಬಂಗಾರದಂಥ ಗಂಡುಮಗು!"

"ಇಲ್ಲಮ್ಮಯ್ಯ, ದೇವರಾಣೆಗೂ ಇಲ್ಲ. ಮಗು ದಪ್ಪ. ಇಷ್ಟು ದಪ್ಪ ಮಗು ನನ್ನ ಕೈಗೆ ಯಾವತ್ತೂ ಬಂದಿಲ್ಲ. ಬೇಕಾದ್ರೆ ತೂಗಿ ನೋಡಿ" ಎಂದಳು ನರಸಮ್ಮ.

ತನ್ನ ತಲೆ ಉಳಿಸಿಕೊಳ್ಳಲು ಆ ಹೆಂಗಸು ಆಡಿದ ಮಾತು ಅದು. ನನ್ನ ಗಂಡ ಮುನಿಶಾಮಪ್ಪ ನಿಜವಾಗಿಯೂ ತೂಗಿದರು. ಅವರು ರೇಷ್ಮೆಹುಳು ಸಾಕುವ ಹುಳುಮನೆಯಿಂದ ತಕ್ಕಡಿ ತಂದದ್ದು, ಅದರ ಸರಪಳಿ ಸದ್ದು ಮಾಡಿದ್ದು, ಒಂದೊಂದೇ ಕಲ್ಲು ಇಟ್ಟದ್ದು ಎಲ್ಲವೂ ಒಳಗೆ ಮಲಗಿದ್ದ ನನ್ನ ಕಿವಿಗೆ ಬಿತ್ತು. "ಹನ್ನೊಂದು" ಎಂದರು. ಜಗಲಿಯ ಮೇಲಿದ್ದ ಯಾರೋ "ಅಬ್ಬಾ!" ಎಂದರು. ಆ ದನಿಯಲ್ಲಿದ್ದದ್ದು ಮೆಚ್ಚುಗೆ.

ನಾನೂ ಸುಮ್ಮನಿರಲಿಲ್ಲ. ಯಾರ ಮೇಲಾದರೂ ಬೀಳಲೇಬೇಕಿತ್ತು, ಕೈಗೆ ಸಿಕ್ಕವಳು ಅವಳೊಬ್ಬಳೇ. "ನಿನ್ನ ಕೈ ಬಿದ್ದುಹೋಗಲಿ ನರಸಮ್ಮ" ಎಂದೆ. ಅವಳು ನನ್ನ ಕಾಲ ಬಳಿ ರಕ್ತ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. ಎಲ್ಲ ಒರೆಸಿ, ಬಟ್ಟೆ ಗಂಟು ಕಟ್ಟಿ, ಹಿತ್ತಿಲ ಬಾಗಿಲಿನಿಂದ ಹೋದಳು. ಹೆರಿಗೆಯ ಹೊತ್ತಿನಲ್ಲಿ ನಡುಮನೆಯವರೆಗೂ ಬರಬಹುದಾದ, ಉಳಿದ ದಿನ ಜಗಲಿ ಹತ್ತುವಂತಿಲ್ಲದ ಕೇರಿಯ ಹೆಂಗಸು ಅವಳು. ಮಗುವಿನ ಕತ್ತು ತಿರುಚಿದವಳೆಂದು ಅತ್ತೆ ಊರೆಲ್ಲ ಸಾರಿದರು. ಅಲ್ಲಿಂದಾಚೆಗೆ ನಮ್ಮ ಬೀದಿಯವರು ಅವಳನ್ನು ಹೆರಿಗೆಗೆ ಕರೆಯಲಿಲ್ಲ, ಬರುಬರುತ್ತ ಬೇರೆ ಬೀದಿಯವರೂ ಬಿಟ್ಟರು. ಬೇರೆಯವರ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೂಲಿಗೆ ಹೋಗತೊಡಗಿದಳು.

ಸೂಲಗಿತ್ತಿಯನ್ನು ಬೈದು ಮುಗಿಸಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. ಬಸುರಿಯಾಗಿದ್ದಾಗ ನಾನು ಚಿಕ್ಕಬಳ್ಳಾಪುರದಲ್ಲಿ ಅಣ್ಣನ ಮನೆಯಲ್ಲಿ ಒಂದು ತಿಂಗಳು ಇದ್ದೆ. ಅಣ್ಣ ವೆಂಕಟೇಶಪ್ಪ ಅಲ್ಲಿ ಶಾಲೆಯ ಮೇಷ್ಟರು. ಅತ್ತಿಗೆ ನನಗೆ ಬಾಳೆಹಣ್ಣು ಕೊಟ್ಟಿದ್ದಳು, ಅನ್ನಕ್ಕೆ ತುಪ್ಪ ಹಾಕಿದ್ದಳು. "ತಿಂದು ತಿಂದು ಮಗೂನ ಊದಿಸ್ಕೊಂಡು ಬಂದ್ಲು" ಎಂದು ಅತ್ತೆ ಬಾವಿಕಟ್ಟೆಯಲ್ಲಿ ಹೇಳಿದರು. ನೀರು ಸೇದುವಾಗ ನನ್ನ ಎದುರಿಗೇ ಹೆಂಗಸರು "ಹನ್ನೊಂದು ರಾತಲಂತೆ!" ಎಂದು ತಮ್ಮತಮ್ಮಲ್ಲಿ ಅನ್ನುತ್ತಿದ್ದರು. ನನಗೆ ಎದೆಹಾಲು ಕಟ್ಟಿ ಜ್ವರ ಬಂದಿತ್ತು. ಅದನ್ನು ಕೇಳುವವರಿರಲಿಲ್ಲ.

ಆಮೇಲೆ ಬಾಯಾರಿಕೆ ಶುರುವಾಯಿತು. ಒಂದು ಚೊಂಬು ನೀರು ಕುಡಿದರೆ ಇನ್ನೊಂದು ಬೇಕು. ಹಗಲಲ್ಲಿ ಹತ್ತು ಸಲ ಬಚ್ಚಲಿಗೆ ಹೋಗಬೇಕು. ಮೈ ಇಳಿಯಿತು, ರವಿಕೆ ಸಡಿಲವಾಯಿತು. ಬಾಣಂತನ ಸರಿಯಾಗಲಿಲ್ಲ, ಅದಕ್ಕೇ ಹೀಗೆ ಎಂದುಕೊಂಡೆ. ಒಂದು ದಿನ ಬೆಳಗ್ಗೆ ಅತ್ತೆ ಬಚ್ಚಲಲ್ಲಿ ನಿಂತು ನನ್ನನ್ನು ಕೂಗಿದರು. ಕಲ್ಲಿನ ಮೇಲೆ ಇರುವೆಗಳು ಮುತ್ತಿಕೊಂಡಿದ್ದವು.

"ಇದೇನೇ ಇದು?"

"ಗೊತ್ತಿಲ್ಲತ್ತೆ."

"ಬೆಲ್ಲ ಕದ್ದು ತಂದು ಬಚ್ಚಲಲ್ಲಿ ಕೂತ್ಕೊಂಡು ತಿಂತೀಯ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಅವತ್ತೇ ಬೆಲ್ಲದ ಡಬ್ಬಕ್ಕೆ ಬೀಗ ಬಿತ್ತು. ಇರುವೆ ಬಂದದ್ದು ನನ್ನ ಮೂತ್ರಕ್ಕೆ ಎಂದು ಹೇಳುವ ತಿಳಿವಳಿಕೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಕದಿಯದ ಬೆಲ್ಲಕ್ಕೆ ನಾನು ಎರಡು ವರ್ಷ ಕಳ್ಳಿಯಾಗಿ ಬದುಕಿದೆ. ನನ್ನ ಗಂಡ ಊಟಕ್ಕೆ ಕೂತಾಗ ಅತ್ತೆ ಈ ಮಾತನ್ನು ಎತ್ತುತ್ತಿದ್ದರು. ಅವರು ಮುದ್ದೆ ಮುರಿದು ನುಂಗುತ್ತಿದ್ದರು, ಅಷ್ಟೆ. ಅವರು ಹೊಡೆಯುವ ಗಂಡನಲ್ಲ. ಕೆಟ್ಟವರೆಂದು ಊರಲ್ಲಿ ಯಾರೂ ಹೇಳುವುದಿಲ್ಲ. ಬಾಯಿ ತೆರೆಯಬೇಕಾದ ಕಡೆ ತೆರೆಯಲಿಲ್ಲ ಎಂಬುದೊಂದೇ ಅವರ ಮೇಲೆ ನನಗಿರುವ ದೂರು. ಅದು ಸಣ್ಣ ದೂರಲ್ಲ.

ಮತ್ತೆ ಬಸುರಿಯಾದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಭಯ. ಮೂರನೆಯ ತಿಂಗಳಿಗೇ ಅತ್ತೆ ಸ್ಪಷ್ಟವಾಗಿ ಹೇಳಿದರು: "ಈ ಸಲ ಹೊಟ್ಟೆ ಬಿಗಿ ಹಿಡಿ. ಮಗು ಸಣ್ಣಗಿದ್ರೆ ತಾನಾಗೇ ಜಾರಿ ಬರುತ್ತೆ." ಬೆಳಗ್ಗೆ ಅರ್ಧ ಮುದ್ದೆ, ಸಂಜೆ ಅರ್ಧ ಮುದ್ದೆ, ನೀರು ಸಾರು. ಹಾಲಿಲ್ಲ, ಹಣ್ಣಿಲ್ಲ. ನಾನೂ ಒಪ್ಪಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಮತ್ತೊಂದು ಹನ್ನೊಂದು ರಾತಲನ್ನು ಹೆರುವ ಶಕ್ತಿ ನನಗಿರಲಿಲ್ಲ. ಅತ್ತೆ ಅರ್ಧ ಮುದ್ದೆ ಇಟ್ಟರೆ ನಾನು ಅದರಲ್ಲೂ ಒಂದು ತುತ್ತು ಬಿಡುತ್ತಿದ್ದೆ.

ಆದರೆ ಹೊಟ್ಟೆ ನಿಲ್ಲಲಿಲ್ಲ. ಕೈಕಾಲು ಕಡ್ಡಿಯಾದವು, ಕೆನ್ನೆ ಬತ್ತಿತು, ಹೊಟ್ಟೆ ಮಾತ್ರ ಆರನೆಯ ತಿಂಗಳಿಗೇ ಎಂಟರಂತೆ ಕಾಣಿಸತೊಡಗಿತು. ಏಳನೆಯ ತಿಂಗಳು ನಡೆಯುವಾಗ ಹುಳು ನಾಲ್ಕನೆಯ ಜ್ವರ ಎದ್ದಿತ್ತು. ಜ್ವರ ಅಂದರೆ ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು. ಅದು ಕಳೆದ ಮೇಲೆ ಅವು ತಿನ್ನುವುದನ್ನು ನೋಡಬೇಕು. ಹೊತ್ತುಹೊತ್ತಿಗೆ ತಟ್ಟೆ ತುಂಬ ಸೊಪ್ಪು ಹಾಸಬೇಕು, ಹಾಸಿ ತಿರುಗುವಷ್ಟರಲ್ಲಿ ಬರೀ ಎಲೆಯ ನರ. ನಾನು ಹಸಿದ ಹೊಟ್ಟೆಯಲ್ಲಿ ಅವಕ್ಕೆ ಸೊಪ್ಪು ಹಾಕುತ್ತಿದ್ದೆ. ಅವುಗಳಿಗೆ ಒಂದು ಹೊತ್ತು ತಡವಾದರೆ ಅತ್ತೆ ಮನೆಯೆಲ್ಲ ಒಂದು ಮಾಡುತ್ತಿದ್ದರು.

ಒಂದು ಮಧ್ಯಾಹ್ನ ತೋಟದ ಬದುವಿನ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಾಗ ನರಸಮ್ಮ ಎದುರಾದಳು. ಪಕ್ಕದ ತೋಟದಲ್ಲಿ ಅವಳಿಗೆ ಕೂಲಿ. ದಾರಿ ಬಿಟ್ಟು ನಿಂತಳು. ನನ್ನ ಹೊಟ್ಟೆಯನ್ನೇ ನೋಡಿದಳು.

"ಅಮ್ಮಯ್ಯ, ಎಷ್ಟು ತಿಂಗಳು?"

ನಾನು ತಲೆಯ ಮೇಲಿನ ಹೊರೆ ಸರಿಮಾಡಿಕೊಂಡೆ.

"ತಿಂಗಳಿಗೆ ಮೀರಿ ಐತಲ್ಲಮ್ಮ. ಪಟ್ಟಣಕ್ಕೆ ಹೋಗು. ಆಸ್ಪತ್ರೆಗೆ ತೋರಿಸು."

ನಾನು ಅವಳ ಕಡೆ ಉಗುಳಿ ಮುಂದೆ ಹೋದೆ. ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಆದರೆ ನಡೆದದ್ದು ಅದೇ.

ಐದು ದಿನದ ಮೇಲೆ ಹುಳುಮನೆಯಲ್ಲಿ ತಟ್ಟೆ ಎತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದೆ. ಎಚ್ಚರವಾದಾಗ ಅತ್ತೆ ನೆಲದ ಮೇಲೆ ಚೆಲ್ಲಿದ್ದ ಹುಳುಗಳನ್ನು ಆರಿಸುತ್ತಿದ್ದರು. ಅದರ ಮರುದಿನವೇ ಅಣ್ಣ ಬಂದ. ಹೇಳಿ ಕಳಿಸಿರಲಿಲ್ಲ, ಹಬ್ಬವಿರಲಿಲ್ಲ. ನನ್ನ ಮುಖ ನೋಡಿ ಜಗಲಿಯಲ್ಲೇ ನಿಂತುಬಿಟ್ಟ.

"ಭಾವ, ಪಾರ್ವತೀನ ಎರಡು ದಿನಕ್ಕೆ ಕರ್ಕೊಂಡು ಹೋಗ್ತೀನಿ" ಎಂದ.

"ಈಗ ಹುಳು ಹಣ್ಣಾಗಿ ಗೂಡು ಕಟ್ಟೋ ಟೈಮು" ಎಂದರು ಅತ್ತೆ.

"ನಾನು ನಿಮ್ಮನ್ನ ಕೇಳ್ತಿಲ್ಲಮ್ಮ. ಹೇಳ್ತಿದೀನಿ."

ಅಣ್ಣ ಯಾರೊಂದಿಗೂ ಹಾಗೆ ಮಾತಾಡಿದವನಲ್ಲ. ನನ್ನ ಗಂಡ ಬಸ್ಸಿನವರೆಗೂ ಬಂದು ನನ್ನ ಗಂಟು ಹಿಡಿದುಕೊಂಡು ನಿಂತರು. ಬಸ್ಸು ಬಂದಾಗ ಅದನ್ನು ಅಣ್ಣನ ಕೈಗೆ ಕೊಟ್ಟರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗ್ಗೆಯಿಂದ ಕೂತೆವು. ಬಸುರಿಯರ ಸಾಲು ಗೋಡೆಯುದ್ದಕ್ಕೂ ಇತ್ತು. ಪಕ್ಕದವಳು ನನ್ನ ಹೊಟ್ಟೆ ನೋಡಿ "ಅವಳಿಜವಳಿನಾ ಅಕ್ಕ?" ಎಂದು ಕೇಳಿದಳು. ಅಲ್ಲ ಎಂದೆ. "ಹಂಗಾದ್ರೆ ಗಂಡೇ. ಪುಣ್ಯವಂತೆ" ಎಂದಳು. ಎದ್ದು ಹೋಗಿ ನಲ್ಲಿಯಲ್ಲಿ ನೀರು ಕುಡಿದು ಬಂದೆ. ಮತ್ತೆ ಹೋದೆ. ಮೂರನೆಯ ಸಲ ಎದ್ದಾಗ ಬಾಗಿಲಲ್ಲಿ ನಿಂತಿದ್ದ ಲೇಡಿ ಡಾಕ್ಟರು ನನ್ನನ್ನೇ ನೋಡುತ್ತಿದ್ದರು. "ಆ ನೀರು ಕುಡೀತಿರೋಳನ್ನ ಮೊದಲು ಕಳಿಸಿ" ಎಂದರು.

ಹೊಟ್ಟೆ ಮುಟ್ಟಿ ನೋಡಿ ಕೇಳಿದರು: "ಮೊದಲನೇ ಮಗು ಎಷ್ಟು ತೂಕ ಇತ್ತು?"

"ಹನ್ನೊಂದು ರಾತಲು."

ಅವರು "ಅಬ್ಬಾ" ಎನ್ನಲಿಲ್ಲ. "ಬದುಕಿದೆಯಾ?" ಎಂದು ಮೆಲ್ಲಗೆ ಕೇಳಿದರು. ಆ ತೂಕವನ್ನು ಕೇಳಿದ ಮೇಲೆ ಆ ಪ್ರಶ್ನೆ ಕೇಳಿದ ಮೊದಲನೆಯ ಮನುಷ್ಯರು ಅವರು. ನಾನು ಅಲ್ಲಿಯೇ ಮೇಜಿನ ಮೇಲೆ ಮಲಗಿದ್ದ ಹಾಗೇ ಅತ್ತುಬಿಟ್ಟೆ. ಎರಡು ವರ್ಷದಲ್ಲಿ ಜೋರಾಗಿ ಅತ್ತದ್ದು ಅವತ್ತೇ.

ನರ್ಸು ನನ್ನ ಮೂತ್ರದ ನಾಲ್ಕು ಹನಿಯನ್ನು ಗಾಜಿನ ಕೊಳವೆಯಲ್ಲಿದ್ದ ನೀಲಿ ನೀರಿಗೆ ಹಾಕಿ ದೀಪದ ಮೇಲೆ ಕಾಯಿಸಿದಳು. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಡಾಕ್ಟರು ಅದನ್ನು ನನಗೂ ಅಣ್ಣನಿಗೂ ತೋರಿಸಿದರು.

"ಸಕ್ಕರೆ ಕಾಯಿಲೆ. ಮೊದಲನೇ ಸಲಾನೂ ಇದೇ ಇದ್ದಿರಬೇಕು. ಅದಕ್ಕೇ ಮಗು ಅಷ್ಟು ದಪ್ಪ ಆಗಿದ್ದು."

"ಈ ಸಲ ನಾನು ತಿಂದೇ ಇಲ್ಲ ಡಾಕ್ಟರಮ್ಮ" ಎಂದೆ.

"ನೀನು ಉಪವಾಸ ಬಿದ್ದಿದ್ದಕ್ಕೆ ಸೊರಗಿದ್ದು ನೀನು. ರಕ್ತದಲ್ಲಿರೋ ಸಕ್ಕರೆ ಮಗೂಗೆ ಹೋಗ್ತಾನೇ ಇದೆ."

ತಪ್ಪು ನನ್ನದಲ್ಲ ಎಂದು ತಿಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಸಿಟ್ಟು. ಅರ್ಧ ಮುದ್ದೆಯಲ್ಲಿ ಬಿಟ್ಟ ಒಂದೊಂದು ತುತ್ತೂ ನೆನಪಿಗೆ ಬಂತು.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ದಿನವೂ ಇಂಜೆಕ್ಷನ್ ಕೊಡಬೇಕು, ತಿಂಗಳು ತುಂಬುವ ಮೊದಲೇ ಹೊಟ್ಟೆ ಕುಯ್ದು ಮಗುವನ್ನು ತೆಗೆಯಬೇಕು ಎಂದರು ಡಾಕ್ಟರು. ಅಣ್ಣ ಊರಿಗೆ ಹೇಳಿ ಕಳಿಸಿದ. ಮರುದಿನ ನನ್ನ ಗಂಡ ಬಂದರು, ಜೊತೆಗೆ ಅತ್ತೆ. ಆಸ್ಪತ್ರೆಯ ಅಂಗಳದಲ್ಲೇ ಅತ್ತೆಯ ಗಂಟಲು ಏರಿತು. "ಹೊಟ್ಟೆ ಕುಯ್ಸೋದಾ? ನಮ್ಮ ವಂಶದಲ್ಲೇ ಇಲ್ಲ. ಕುಯ್ದ ಹೊಟ್ಟೆ ಮತ್ತೆ ಹೆರುತ್ತಾ? ಬಾರೋ ಮುನಿಶಾಮಿ, ಕರ್ಕೊಂಡು ಹೋಗಣ."

ಡಾಕ್ಟರು ನನ್ನ ಗಂಡನನ್ನು ಕೇಳಿದರು, "ನೀವೇನಂತೀರಪ್ಪ?"

ಅವರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

ಡಾಕ್ಟರು ನನ್ನ ಕಡೆ ತಿರುಗಿದರು. "ಓದು ಬರಹ ಬರುತ್ತಾ?"

"ನಾಲ್ಕನೇ ಕ್ಲಾಸು."

"ಹಾಗಾದ್ರೆ ನೀನೇ ಹೇಳು."

"ಹೋಗ್ತೀನಿ" ಎಂದೆ. ಕಾಗದದ ಮೇಲೆ ನನ್ನ ಹೆಸರು ಬರೆದೆ. ಮದುವೆಯಾದ ಮೇಲೆ ನಾನು ಹೆಸರು ಬರೆದದ್ದು ಅದೇ ಮೊದಲು, 'ತಿ' ಸೊಟ್ಟಗಾಯಿತು. ಪಕ್ಕದಲ್ಲಿ ಅಣ್ಣ ಸಹಿ ಹಾಕಿದ. ಅತ್ತೆ ಸೆರಗು ಕೊಡವಿ ಹೊರಟರು. ಅವರ ಹಿಂದೆ ನನ್ನ ಗಂಡ.

ಅಣ್ಣ ನನ್ನನ್ನು ಸಣ್ಣ ಹಳಿಯ ಚಿಕ್ಕ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದ. ವಾರ್ಡಿನಲ್ಲಿ ಏಳು ವಾರ ಇದ್ದೆ. ಬೆಳಗ್ಗೆ ಸಂಜೆ ತೊಡೆಗೆ ಸೂಜಿ. ಮೊದಲ ವಾರ ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಮೂರನೆಯ ವಾರಕ್ಕೆ ನಾನೇ ತೊಡೆ ತೋರಿಸಿ ಕೂರುತ್ತಿದ್ದೆ. ಹೊಟ್ಟೆ ತುಂಬ ಊಟ ಕೊಟ್ಟರು: ಚಪಾತಿ, ಸೊಪ್ಪು, ಮಜ್ಜಿಗೆ. ತಟ್ಟೆ ಇಟ್ಟು ಹೋಗುವ ಆಯಾ "ಪೂರ್ತಿ ತಿನ್ನಮ್ಮ" ಅಂದಾಗಲೆಲ್ಲ ಕೊನೆಯ ತುತ್ತನ್ನೂ ಬಿಡದೆ ತಿನ್ನುತ್ತಿದ್ದೆ. ಬಾಯಾರಿಕೆ ನಿಂತಿತು.

ಪಕ್ಕದ ಮಂಚದಲ್ಲಿ ಚಿಂತಾಮಣಿಯ ಖುರ್ಷಿದ್‌ಬಿ. ಅವಳಿಗೂ ಇದೇ ಕಾಯಿಲೆ, ಹಿಂದೆ ಎರಡು ಮಕ್ಕಳು ಹೋಗಿದ್ದವು. ನನಗಿಂತ ಹತ್ತು ವರ್ಷ ದೊಡ್ಡವಳು. "ಮಗು ಆಡೋದನ್ನ ಲೆಕ್ಕ ಇಡು ಬಹೆನ್. ಊಟ ಆದ್ಮೇಲೆ ಒದೀಬೇಕು" ಎಂದು ಹೇಳಿಕೊಟ್ಟವಳು ಅವಳೇ. ಇಬ್ಬರೂ ಊಟ ಮುಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುತ್ತಿದ್ದೆವು. "ನಿಂದು?" "ಒದೀತು. ನಿಂದು?" "ನಂದೂನು." ಅವಳ ಆಪರೇಷನ್ನಿಗೆ ನಾಲ್ಕು ದಿನ ಇತ್ತು. ಒಂದು ಮಧ್ಯಾಹ್ನ "ನಿಂದು?" ಎಂದು ಕೇಳಿದೆ. ಅವಳು ಹೊಟ್ಟೆ ಒತ್ತಿ ನೋಡಿಕೊಂಡಳು. ಮಗ್ಗುಲು ಬದಲಿಸಿ ಮಲಗಿದಳು, ಎದ್ದು ಕೂತಳು, ನೀರು ಕುಡಿದಳು, ಮತ್ತೆ ಮಲಗಿದಳು. ಡಾಕ್ಟರು ಬಂದು ಹೊಟ್ಟೆಯ ಮೇಲೆ ಕೊಳವೆ ಇಟ್ಟು ಮಗುವಿನ ಎದೆಬಡಿತಕ್ಕೆ ಬಹಳ ಹೊತ್ತು ಕಿವಿಗೊಟ್ಟರು. ಅವಳನ್ನು ಒಳಗೆ ಕರೆದುಕೊಂಡು ಹೋಗುವಾಗ ಅವಳು ನನ್ನ ಕೈ ಹಿಡಿದು "ನಿಂದು ಬೇಗ ತೆಗಿ ಅಂತ ಹೇಳು. ಕಾಯಬೇಡ" ಎಂದಳು. ತನ್ನ ಮಗು ಸತ್ತಿದೆ ಎಂದು ತಿಳಿದ ಹೊತ್ತಿನಲ್ಲಿ ಇನ್ನೊಬ್ಬಳ ಮಗುವಿನ ಮಾತಾಡಿದವಳು ಅವಳು. ಆಮೇಲೆ ಅವಳನ್ನು ಬೇರೆ ವಾರ್ಡಿಗೆ ಹಾಕಿದರು. ಮತ್ತೆ ಕಾಣಲಿಲ್ಲ.

ನಾನು ಡಾಕ್ಟರ ಕೋಟು ಹಿಡಿದುಕೊಂಡು ಬೇಡಿದೆ. ಒಂದು ವಾರದ ಮೇಲೆ, ತಿಂಗಳು ತುಂಬಲು ಇನ್ನೂ ಇಪ್ಪತ್ತು ದಿನ ಇರುವಾಗ ಹೊಟ್ಟೆ ಕುಯ್ದರು. ಹೆಣ್ಣುಮಗು, ಒಂಬತ್ತು ರಾತಲು. ಅತ್ತಿತಂತೆ. ನನಗೆ ಎಚ್ಚರವಾದಾಗ ಮಗು ಪಕ್ಕದಲ್ಲಿರಲಿಲ್ಲ. ಅದರ ಮೈಯಲ್ಲಿ ಸಕ್ಕರೆ ಒಮ್ಮೆಲೇ ಇಳಿದು ಕೈಕಾಲು ನಡುಗುತ್ತಿತ್ತು. ಮೂರು ದಿನ ಹನಿಹನಿಯಾಗಿ ಸಕ್ಕರೆ ನೀರು ಕುಡಿಸಿದರು. ನನ್ನನ್ನು ಕೊಂದುಬಿಡಬಹುದಾಗಿದ್ದ ಅದೇ ಸಕ್ಕರೆ ಅದಕ್ಕೆ ಜೀವವಾಯಿತು. ನಾಲ್ಕನೆಯ ದಿನ ತಂದು ಕೈಗೆ ಕೊಟ್ಟರು. ಎತ್ತಿಕೊಂಡರೆ ಕೈಗೆ ಭಾರ ಬಿತ್ತು. ಆ ಭಾರ ಮೂಗಿನಲ್ಲಿ ಸದ್ದು ಮಾಡುತ್ತ ಉಸಿರಾಡುತ್ತಿತ್ತು.

ಅವತ್ತು ಸಂಜೆ ಅಣ್ಣನನ್ನು ಕೇಳಿದೆ, "ಅವತ್ತು ಹೇಳಿ ಕಳಿಸದೇ ಹೆಂಗೆ ಬಂದೆ ನೀನು?"

"ನರಸಮ್ಮ ಬಂದಿದ್ಲು, ಶಾಲೆ ಹತ್ರ. ಕೂಲಿ ಬಿಟ್ಟು, ಬಸ್ಸು ಹತ್ತಿ, ಊರೆಲ್ಲ ನನ್ನ ಹೆಸರು ಕೇಳ್ಕೊಂಡು ಬಂದಿದ್ಲು. 'ನಿಮ್ಮ ತಂಗಿ ಸಾಯ್ತಾಳೆ ಮೇಷ್ಟ್ರೇ' ಅಂದ್ಲು." ಮಗುವಿನ ಹೊದಿಕೆ ಸರಿಮಾಡಿ ಮತ್ತೆ ಹೇಳಿದ: "ಮೊದಲನೇ ಸಲಾನೂ ಎಂಟನೇ ತಿಂಗಳಲ್ಲೇ ಹೇಳಿದ್ಲಂತೆ ಕಣೇ. ಮಗು ದಪ್ಪ ಇದೆ, ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ. ನಿನ್ನ ಗಂಡಂಗೂ ಅತ್ತೆಗೂ."

ನನ್ನ ಗಂಡ ಆರನೆಯ ದಿನ ಬಂದರು, ಒಬ್ಬರೇ. ಮಗುವಿನ ಕಾಲು ಮುಟ್ಟಿ ನೋಡಿದರು. ನರಸಮ್ಮ ಮೊದಲೇ ಹೇಳಿದ್ದಳೇ ಎಂದು ನಾನು ನೇರವಾಗಿ ಕೇಳಿದೆ.

ಮಗುವಿನ ಕಾಲು ಬಿಡದೆ ಹೇಳಿದರು: "ಹೇಳಿದ್ಲು. ಗೂಡು ಬಿಡಿಸೋ ವಾರ ಅದು. ದಪ್ಪ ಇದ್ರೆ ಗಂಡೇ, ಒಳ್ಳೇದೇ ಆಯ್ತು, ಅವಳಿಗೇನು ಗೊತ್ತು ಅಂದ್ಲು ಅಮ್ಮ."

"ಮತ್ತೆ ಅವತ್ತು ಅವಳ ಮೇಲೆ ಕೊಲೆ ಹೊರಿಸ್ದಾಗ?"

ಅವರು ಮಗುವಿನ ಕಾಲು ಬಿಟ್ಟರು. ಕಣ್ಣಲ್ಲಿ ನೀರಿತ್ತು. ನಾನು ಒರೆಸಲಿಲ್ಲ.

ನಾನು ಜಂಗಮಕೋಟೆಗೆ ಹಿಂದಿರುಗಿದೆ. ಬೇರೆಲ್ಲಿಗೆ ಹೋಗಲಿ? ಅಣ್ಣನಿಗೂ ಮೂರು ಮಕ್ಕಳು. ಸೂಜಿ ಕುದಿಸುವುದು, ಔಷಧಿಯ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿಟ್ಟು ತಣ್ಣಗಿರಿಸುವುದು, ನನಗೆ ನಾನೇ ಚುಚ್ಚಿಕೊಳ್ಳುವುದು ಎಲ್ಲವನ್ನೂ ಆಸ್ಪತ್ರೆಯಲ್ಲೇ ಕಲಿತಿದ್ದೆ. ಸೀಸೆ ಮುಗಿಯುವ ಹೊತ್ತಿಗೆ ಅಣ್ಣ ಬಸ್ಸಿನ ಕಂಡಕ್ಟರ ಕೈಯಲ್ಲಿ ಹೊಸದನ್ನು ಕಳಿಸುತ್ತಿದ್ದ. ನನ್ನ ತಟ್ಟೆಗೆ ನಾನೇ ಬಡಿಸಿಕೊಳ್ಳುತ್ತೇನೆ ಎಂದು ಮೊದಲ ದಿನವೇ ಹೇಳಿದೆ.

ಮಗುವಿಗೆ ಹೆಸರಿಡುವ ದಿನ ಬೀದಿಯವರೆಲ್ಲ ಬಂದಿದ್ದರು. ಅತ್ತೆ ತೊಟ್ಟಿಲ ಪಕ್ಕ ಕೂತು ಹೇಳುತ್ತಿದ್ದರು: "ನಾನೇ ಕಳಿಸ್ದೆ ಬೆಂಗ್ಳೂರಿಗೆ. ದುಡ್ಡು ಹೋದ್ರೆ ಹೋಗ್ಲಿ, ಜೀವ ಮುಖ್ಯ ಅಂದೆ. ಆ ಕೈಕೆಟ್ಟೋಳ್ನ ನಂಬ್ಕೊಂಡಿದ್ರೆ ಇದೂ ಮಣ್ಣಾಗ್ತಿತ್ತು."

ನಾನು ಎಲೆ ಅಡಿಕೆಯ ತಟ್ಟೆ ಕೆಳಗಿಟ್ಟೆ. "ನೀವು ಕಳಿಸ್ಲಿಲ್ಲ ಅತ್ತೆ. ಕಳಿಸಿದ್ದು ನರಸಮ್ಮ. ಮೊದಲನೇ ಸಲ ಎಂಟನೇ ತಿಂಗಳಲ್ಲೇ ಆಸ್ಪತ್ರೆಗೆ ಹೋಗಿ ಅಂತ ನಿಮಗೆ ಹೇಳಿದ್ಲು. ನೀವು ಬೇಡ ಅಂದ್ರಿ. ಬೇಕಾದ್ರೆ ನಿಮ್ಮ ಮಗನ್ನ ಕೇಳಿ, ಇಲ್ಲೇ ಇದಾರೆ."

ಎಲ್ಲರೂ ಅವರ ಕಡೆ ನೋಡಿದರು. ಅವರು ಕಂಬಕ್ಕೆ ಒರಗಿ ನಿಂತಿದ್ದರು. "ಹೌದು" ಎಂದರು. ಅವರ ಬಾಯಿಂದ ಆ ಒಂದು ಮಾತು ಬರಲು ಎರಡೂವರೆ ವರ್ಷ ಬೇಕಾಯಿತು. ಅತ್ತೆ ಅದಾದ ಮೇಲೆ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ನನಗೇನೂ ನಷ್ಟವಾಗಲಿಲ್ಲ.

ಮರುದಿನ ಬೆಳಗ್ಗೆ ಮಗುವನ್ನೆತ್ತಿಕೊಂಡು ಕೇರಿಗೆ ಹೋದೆ. ನನ್ನೊಳಗೆ ಒಂದು ಹೆಮ್ಮೆಯೂ ಇತ್ತು, ಎಲ್ಲರೆದುರು ಹೇಳಿದೆನಲ್ಲ ಎಂದು. ನರಸಮ್ಮ ಗುಡಿಸಿಲ ಮುಂದೆ ರಾಗಿ ಕೇರುತ್ತಿದ್ದಳು. ನೋಡಿದಳು, ಮೊರ ನಿಲ್ಲಿಸಲಿಲ್ಲ.

"ತಪ್ಪಾಯ್ತು ನರಸಮ್ಮ. ನಿನ್ನೆ ಎಲ್ಲರ ಮುಂದೆ ಹೇಳಿದೀನಿ. ನಿಂದೇನೂ ತಪ್ಪಿಲ್ಲ ಅಂತ."

"ಗೊತ್ತಾಯ್ತು. ಬೆಳಗ್ಗೆ ಬಾವಿ ಹತ್ರ ಅಂತಿದ್ರು."

"ಇನ್ಮೇಲೆ ನಿನ್ನ ಕರೀತಾರೆ."

"ಯಾರು ಕರೀತಾರಮ್ಮ? ಸರ್ಕಾರದ ನರ್ಸು ಬಂದವ್ಳೆ ಈಗ ಊರಿಗೆ. ಒಳ್ಳೇದೇ ಆಯ್ತು. ಅವಳ ಹತ್ರ ತಕ್ಕಡಿ ಐತೆ, ಸೂಜಿ ಐತೆ." ಮೊರದಿಂದ ಕಲ್ಲು ಆರಿಸಿ ಎಸೆದಳು. "ನೀನು ನನ್ನ ಕೈ ಬಿದ್ದೋಗ್ಲಿ ಅಂದಿದ್ದು ಮನಸ್ಸಿಗೆ ಹಚ್ಕೊಂಡಿಲ್ಲ. ನೋವಲ್ಲಿ ಎಲ್ರೂ ಬೈತಾರೆ, ಕೇಳಿ ಕೇಳಿ ಕಿವಿ ತೂತಾಗೈತೆ. ನೋವು ಇಳಿದ ಮೇಲೂ ಎರಡು ವರ್ಷ ಅದನ್ನೇ ನಂಬ್ಕೊಂಡಿದ್ಯಲ್ಲ, ಬದುವಿನ ಮೇಲೆ ಉಗುಳಿದ್ಯಲ್ಲ, ಅದನ್ನ ಏನು ಮಾಡ್ಲಿ ಹೇಳು?"

"ಮತ್ತೆ ಯಾಕೆ ಅಣ್ಣನ ಹತ್ರ ಹೋದೆ?"

"ಹೊಟ್ಟೆ ನೋಡಿ ಹೋದೆ. ನಿನ್ನ ಮುಖ ನೋಡಿ ಹೋಗ್ಲಿಲ್ಲ."

ಮಗು ಎಚ್ಚರವಾಗಿ ಅಳತೊಡಗಿತು. ನರಸಮ್ಮ ತಲೆ ಎತ್ತದೆ, "ಹಸಿದೈತೆ. ಬಿಸಿಲಲ್ಲಿ ನಿಲ್ಬೇಡ, ಅಲ್ಲಿ ಕೂತು ಹಾಲು ಕೊಡು" ಎಂದಳು. ಅವಳ ಬಾಗಿಲ ಕಲ್ಲಿನ ಮೇಲೆ ಕೂತು ಹಾಲು ಕೊಟ್ಟೆ. ಮಗು ಕುಡಿದು ನಿದ್ದೆ ಹೋಗುವವರೆಗೂ ಅವಳು ರಾಗಿ ಕೇರುತ್ತಲೇ ಇದ್ದಳು. ನನ್ನ ಕಡೆ ತಿರುಗಲಿಲ್ಲ. ಎದ್ದು ಹೋಗು ಎಂದೂ ಹೇಳಲಿಲ್ಲ.